ಎಡಗಡೆಯ ಸಣ್ಣ ಗಾಜು

ಗೆರೆ ಇವತ್ತೂ ಬಂತು. ಹಾಳೆಯ ನೆತ್ತಿಯಿಂದ ಬುಡದವರೆಗೆ, ಬಲ ಅಂಚಿಗೆ ಮೂರು ಬೆರಳು ಬಿಟ್ಟು, ಅಳತೆಗೋಲು ಇಟ್ಟು ಎಳೆದಷ್ಟು ನೆಟ್ಟಗೆ. ರುದ್ರಾಣಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಕನ್ನಡಕ ಹಣೆಗೇರಿಸಿ ನೋಡಿದಳು, ಇಳಿಸಿ ನೋಡಿದಳು. ಹೇಗೆ ನೋಡಿದರೂ ಅದು ಅಲ್ಲೇ ಇತ್ತು. ಅರ್ಜಿಯ ಮೂಲೆಯ ಫೋಟೋದಲ್ಲಿದ್ದ ಯಾರೋ ಮುದುಕಿಯ ಮುಖವನ್ನು ಹಣೆಯಿಂದ ಗದ್ದದವರೆಗೆ ಎರಡು ಪಾಲು ಮಾಡಿ, ಕೆಳಗಿಳಿದು ಆಧಾರ್ ನಂಬರಿನ ಒಂದು ಅಂಕಿಯನ್ನು ನುಂಗಿ, ಸಹಿಯ ಬಾಲ ಕತ್ತರಿಸಿ ಹೊರಗೆ ಹೋಗಿತ್ತು. ಹೋದ ವಾರ ಇಂಥವೇ ಅರವತ್ತು ಅರ್ಜಿಗಳ ನಕಲು ದಾವಣಗೆರೆಗೆ ಹೋಗಿ, ‘ಅಸ್ಪಷ್ಟ’ ಎಂಬ ಷರಾ ಹೊತ್ತುಕೊಂಡು ಹಾಗೇ ವಾಪಸು ಬಂದಿದ್ದವು. ಇದಕ್ಕೆ ಯಾರಾದರೂ ಒಬ್ಬರು ಉತ್ತರ ಕೊಡಬೇಕಲ್ಲ. ಬೆಳಿಗ್ಗೆ ಬಂದವರೇ ಸಂಧ್ಯಾರಾಣಿ ಮೇಡಂ, ಈ ಕಚೇರಿಯ ಅಧಿಕಾರಿ, ರುದ್ರಾಣಿಯ ಅರ್ಧ ವಯಸ್ಸಿನವರು, ಮೇಜಿನ ಮುಂದೆ ಅವಳನ್ನು ನಿಲ್ಲಿಸಿಕೊಂಡು, ಸಂಜೆ ಐದರೊಳಗೆ ಒಂದು ಟಿಪ್ಪಣಿ ಬರೆದು ತನ್ನಿ ಎಂದಿದ್ದರು. ಅಟೆಂಡರ್ ಸಣ್ಣತಿಮ್ಮಪ್ಪನ ಅಜಾಗರೂಕತೆಯಿಂದ ಕಾಪಿಯರ್ ಯಂತ್ರ ಕೆಟ್ಟಿದೆ, ಅವನನ್ನು ಗುತ್ತಿಗೆಯ ಮೇಲೆ ಕಳಿಸಿದ ಏಜೆನ್ಸಿಗೆ ಹಿಂದಕ್ಕೆ ಕಳಿಸಬಹುದು, ಇಷ್ಟು ಬರೆದರೆ ಸಾಕು. ಅವನ ಕೈ ಸರಿ ಇಲ್ಲ ಅಂತ ನೀವೇ ಅಲ್ಲವಾ ಹೇಳಿದ್ದು?

ಹೌದು, ಅವಳೇ ಹೇಳಿದ್ದಳು. ಹತ್ತು ಹನ್ನೆರಡು ದಿನದ ಹಿಂದೆ, ಸೋಮವಾರ, ಒಪ್ಪತ್ತು ಇದ್ದು ಹೊಟ್ಟೆ ಚುರುಗುಟ್ಟುತ್ತಿದ್ದಾಗ, ಗೆರೆ ಬಿದ್ದ ಹಾಳೆಗಳನ್ನು ಮೇಡಂ ಕೈಗೆ ಕೊಡುತ್ತ ಯಾವ ಯೋಚನೆಯೂ ಇಲ್ಲದೆ ಬಾಯಿಗೆ ಬಂದ ಮಾತು. ಅಡುಗೆ ಕೆಟ್ಟರೆ ಒಲೆಯನ್ನು ಬೈದ ಹಾಗೆ. ಆದರೆ ಕಚೇರಿಯಲ್ಲಿ ಬಾಯಿಂದ ಬಿದ್ದದ್ದನ್ನು ಯಾರೋ ಒಬ್ಬರು ಹೆಕ್ಕಿ ಫೈಲಿಗೆ ಸೇರಿಸಿಬಿಡುತ್ತಾರೆ. ಮಾರನೆಯ ದಿನದಿಂದಲೇ ಸಣ್ಣತಿಮ್ಮಪ್ಪ ಕಾಪಿಯರ್ ಮುಟ್ಟಬಾರದು ಎಂದಾಯಿತು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ಬಂದವರಿಗೆ ಚೀಟಿ ಕೊಡುವುದು, ಕುಡಿಯುವ ನೀರು ತರುವುದು, ಅಷ್ಟೇ ಕೆಲಸ. ಅವನ ಊರು ಜಗಳೂರಿನಿಂದಲೂ ಆಚೆ. ಹೆಂಡತಿ ಕಾಟಮ್ಮ ಅಲ್ಲಿ, ಇವನು ಇಲ್ಲಿ ನ್ಯಾಮತಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ. ಏಜೆನ್ಸಿಗೆ ವಾಪಸು ಹೋದವರನ್ನು ಮತ್ತೆ ಎಲ್ಲಿಗೂ ಕಳಿಸುವುದಿಲ್ಲ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಟಿಪ್ಪಣಿಯ ವಿಷಯವೂ ಗೊತ್ತಿರಲೇಬೇಕು. ಮೇಡಂ ಕೋಣೆಗೆ ಇರುವುದು ಪ್ಲೈವುಡ್ ಗೋಡೆ. ಆದರೂ ದಿನದಂತೆ ಅವಳ ಮೇಜಿಗೆ ನೀರು ತಂದು, ಲೋಟದ ಬಾಯಿಗೆ ತಟ್ಟೆ ಮುಚ್ಚಿ, ಹೋಗಿ ಸ್ಟೂಲಿನ ಮೇಲೆ ಕೂತಿದ್ದ. ಆ ಲೋಟ ಇನ್ನೂ ಹಾಗೇ ಇತ್ತು.

ಐದರೊಳಗೆ ಗೆರೆ ಹೋದರೆ ಟಿಪ್ಪಣಿ ಯಾಕೆ ಬೇಕು? ಈ ಒಂದು ಆಸೆ ಹಿಡಿದು ರುದ್ರಾಣಿ ಸೆರಗು ಸಿಕ್ಕಿಸಿಕೊಂಡು ಯಂತ್ರದ ಮುಂದೆ ನಿಂತಿದ್ದಳು. ರಿಟೈರಾಗಲು ಏಳು ತಿಂಗಳಿರುವ ಹೆಂಗಸು, ಮೊಣಕಾಲೂರಿ ಕೂತು ಯಂತ್ರದ ಹೊಟ್ಟೆಗೆ ಕೈ ಹಾಕುವುದನ್ನು ಉಳಿದವರು ಓರೆಗಣ್ಣಲ್ಲಿ ನೋಡಿ ನಗುತ್ತಿದ್ದರೆ ನಗಲಿ. ಮುಂದಿನ ಬಾಗಿಲು ತೆಗೆದು ಕಾರ್ಟ್ರಿಜ್ ಎಳೆದಳು. ಸಣ್ಣತಿಮ್ಮಪ್ಪ ಅದನ್ನು ಎರಡೂ ಕೈಯಲ್ಲಿ ಅಡ್ಡಕ್ಕೆ ಹಿಡಿದು ಮೊರದಲ್ಲಿ ಅಕ್ಕಿ ಕೇರಿದಂತೆ ಆಡಿಸುತ್ತಿದ್ದದ್ದು ನೆನಪಿತ್ತು. ತಾನೂ ಹಾಗೇ ಆಡಿಸಿದಳು. ಕಪ್ಪು ಪುಡಿ ಸೀರೆಯ ನೆರಿಗೆಗೆ ಬಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಹೋದರೆ ಅದು ಅಂಗೈ ಅಗಲ ಹರಡಿಕೊಂಡಿತು. ಅಯ್ಯೋ ರುದ್ರಾಣಮ್ಮ, ಮಸಿ ನೀರಿಗೆ ಹೋಗಲ್ಲ, ಸೀಮೆಎಣ್ಣೆ ಹಚ್ರಿ ಎಂದು, ಹಿಂದೊಮ್ಮೆ ಹೀಗೇ ಆದಾಗ, ಹಿರಿಯ ಟೈಪಿಸ್ಟ್ ವಿರೂಪಾಕ್ಷಪ್ಪನವರು ನಕ್ಕು, ಬಾಟಲಿಯಿಂದ ಬಟ್ಟೆಗೆ ಎರಡು ಹನಿ ಬಿಟ್ಟು ಕೊಟ್ಟಿದ್ದರು. ಹೊನ್ನಾಳಿಯ ಕಚೇರಿ, ತೊಂಬತ್ತೊಂದನೇ ಇಸವಿ. ಚನ್ನಗಿರಿಯಲ್ಲಿ ಟೈಪಿಂಗ್ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿ, ಕೆಲಸದ ಆರ್ಡರ್ ಹಿಡಿದು ಬಂದು ಒಂದು ವಾರ ಆಗಿತ್ತು. ಸೀಮೆಎಣ್ಣೆ, ನಕಲು ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಮಸಿ, ಸ್ಟೆನ್ಸಿಲ್ ತಿದ್ದುವ ಕೆಂಪು ದ್ರಾವಣ, ಈ ಮೂರೂ ಸೇರಿದ ಒಂದು ವಾಸನೆ ಆ ಕೋಣೆಗೆ ಇತ್ತು. ಕಿಟಕಿ ತೆಗೆದರೆ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಗಾಳಿ ಬಂದರೆ ಹಾಳೆ ಹಾರುತ್ತಿದ್ದವು, ಅದಕ್ಕೆ ಮುಚ್ಚಿಯೇ ಇಡುತ್ತಿದ್ದರು. ಆ ವಾಸನೆಗಾಗಿ ಈಗ ಏನು ಬೇಕಾದರೂ ಕೊಡಬಹುದು ಎನಿಸಿ ರುದ್ರಾಣಿಗೆ ನಾಚಿಕೆಯಾಯಿತು. ಕಾರ್ಟ್ರಿಜ್ ತಿರುಗಿ ಹಾಕಿದಳು. ಗೆರೆ ಬಂತು.

ಹಾಳೆ ತಂಡಿ ಆಗಿರಬಹುದು. ರೆಕಾರ್ಡ್ ಕೋಣೆಯ ನೆಲದ ಮೇಲೆ ಬಂಡಲ್ ಇಟ್ಟಿರುತ್ತಾರೆ, ಈ ಜಡಿಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಮೇಡಂ ಬೀರುವಿನಿಂದ ಹೊಸ ಬಂಡಲ್ ಕೇಳಿ ತಂದು, ಒಡೆದು, ಬೀಸಿ, ಟ್ರೇಗೆ ತುಂಬಿದಳು. ಹೊಸ ಹಾಳೆಯ ಮೇಲೆ ಗೆರೆ ಇನ್ನೂ ಚೆಂದ ಕಂಡಿತು. ಅದನ್ನು ಬುಟ್ಟಿಗೆ ಎಸೆದು, ಯಂತ್ರದ ನುಣುಪಾದ ಖಾಲಿ ಮೈ ನೋಡುತ್ತ ನಿಂತಳು. ಆ ಜಾಗ ಖಾಲಿ ಇದ್ದದ್ದು ಅವಳಿಗೆ ಇವತ್ತಿಗೂ ಚುಚ್ಚುತ್ತಿತ್ತು. ವಿರೂಪಾಕ್ಷಪ್ಪನವರು ಬೆಳಿಗ್ಗೆ ಕಚೇರಿಗೆ ಬಂದರೆ ಮೊದಲು ಟೈಪ್‌ರೈಟರಿನ ಮುಸುಕು ತೆಗೆದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಮೂರು ಪಟ್ಟೆ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು, ಆಮೇಲೆಯೇ ಕೂರುವುದು. ಅನ್ನ ಕೊಡೋದಮ್ಮ ಇದು, ಬರಿಗೈಲಿ ಮುಟ್ಟಬ್ಯಾಡ ಎಂದು ಅವಳಿಗೂ ಕಲಿಸಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಹೊನ್ನಾಳಿ ಬಿಟ್ಟು ಹೊಸದಾಗಿ ತಾಲ್ಲೂಕಾದ ನ್ಯಾಮತಿಗೆ ವರ್ಗವಾಯಿತು, ವಿರೂಪಾಕ್ಷಪ್ಪನವರೂ ಹೋದರು. ಮೂರು ಪಟ್ಟೆ ಮಾತ್ರ ಅವಳ ಕೈಯಲ್ಲಿ ಉಳಿದಿತ್ತು. ಒಂದು ತಿಂಗಳ ಹಿಂದಿನವರೆಗೆ. ಅವತ್ತು ಮೇಡಂ ಎಲ್ಲರ ಎದುರಿಗೆ, ಇದೇನು ನಿಮ್ಮನೆ ಒರಳುಕಲ್ಲಾ, ಮೇಲಿನವರು ಬಂದು ನೋಡಿದರೆ ಏನನ್ನಬೇಕು ಎಂದು ಕೇಳಿ, ಸಣ್ಣತಿಮ್ಮಪ್ಪನನ್ನು ಕರೆದು ಒದ್ದೆ ಬಟ್ಟೆಯಲ್ಲಿ ಒರೆಸಿಸಿದ್ದರು. ಅವನು ಒರೆಸುವಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದಳು. ಮೂವತ್ತು ವರ್ಷದ ಅಭ್ಯಾಸ ಒಂದು ಚಿಂದಿಯಲ್ಲಿ ಹೋಗಿತ್ತು. ಮಾರನೆಯ ದಿನದಿಂದ ಉಳಿದವರು ಬರುವ ಮೊದಲೇ ಬಂದು, ಯಂತ್ರದ ಮುಚ್ಚಳ ಎತ್ತಿ, ಒಳಮೈಯ ಎಡ ಅಂಚಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಹಚ್ಚತೊಡಗಿದಳು. ದೇವರಿಗೆ ಕಂಡರೆ ಸಾಕು ಎಂದುಕೊಂಡಿದ್ದಳು.

ಮೂರು ಗಂಟೆಗೆ ಮೆಕ್ಯಾನಿಕ್ ಮಾರುತೇಶನಿಗೆ ಫೋನ್ ಮಾಡಿದಳು. ಅವನದು ಚನ್ನಗಿರಿ, ನಾಲ್ಕು ತಾಲ್ಲೂಕಿನ ಕಾಪಿಯರ್‌ಗಳನ್ನು ಬೈಕಿನ ಮೇಲೆ ತಿರುಗುತ್ತ ನೋಡಿಕೊಳ್ಳುವವನು. ಇವತ್ತು ಜಗಳೂರಿನಲ್ಲಿದ್ದೇನೆ, ನಾಡಿದ್ದು ಬರುತ್ತೇನೆ ಎಂದ. ನಾಡಿದ್ದು ಬಂದರೆ ಪ್ರಯೋಜನವಿಲ್ಲಪ್ಪ, ಒಬ್ಬರ ಕೆಲಸದ ಪ್ರಶ್ನೆ ಎಂದಾಗ ಅವನ ಧ್ವನಿ ಬದಲಾಯಿತು. ಹಾಗಾದರೆ ನಾನು ಹೇಳಿದಂಗೆ ಮಾಡ್ರಿ ಮೇಡಂ ಎಂದು ಒಂದೊಂದೇ ಹೇಳಿ ಮಾಡಿಸಿದ. ಕಂಪ್ಯೂಟರಿನಿಂದ ಒಂದು ಪ್ರಿಂಟ್ ಕೊಟ್ಟಳು: ಗೆರೆ ಇಲ್ಲ. ಹಾಗಾದರೆ ಡ್ರಮ್ ಚೆನ್ನಾಗಿದೆ, ಕಾರ್ಟ್ರಿಜ್ ಚೆನ್ನಾಗಿದೆ, ಹೊಟ್ಟೆಯೊಳಗೆ ಏನೂ ರೋಗವಿಲ್ಲ ಎಂದ. ಮುಚ್ಚಳ ಎತ್ತಿ ಅರ್ಜಿಯನ್ನು ದೊಡ್ಡ ಗಾಜಿನ ಮೇಲೆ ಬೋರಲು ಹಾಕಿ ಕಾಪಿ ತೆಗೆದಳು: ಗೆರೆ ಇಲ್ಲ. ಅದೇ ಅರ್ಜಿಯನ್ನು ಮೇಲಿನ ಬಾಯಿಗೆ ಕೊಟ್ಟು, ಯಂತ್ರವೇ ಎಳೆದುಕೊಳ್ಳುವಂತೆ ಮಾಡಿದಳು: ಗೆರೆ.

“ಮ್ಯಾಲಿಂದ ಕೊಟ್ರೆ ಮಾತ್ರ ಬರ್ತತಲ್ಲ, ಹಂಗಾದ್ರೆ ಸಿಕ್ತು ಬಿಡ್ರಿ” ಎಂದ ಮಾರುತೇಶ. “ದೊಡ್ಡ ಗಾಜಿನ ಎಡಗಡೆ ಬೆರಳಗಲದ್ದು ಒಂದು ಸಣ್ಣ ಗಾಜು ಐತೆ ನೋಡ್ರಿ. ಹಾಳೆ ಅದರ ಮ್ಯಾಲೆ ಹಾದು ಹೋಗ್ತತೆ. ಅಲ್ಲಿ ಸಾಸಿವೆಯಷ್ಟು ಏನಾರ ಕುಂತಿದ್ರೂ ಸಾಕು, ಹಾಳೆ ಉದ್ದಕ್ಕೂ ಗೆರೆ ಎಳಿತತೆ.”

ಇಷ್ಟು ದಿನ ಆ ಗಾಜು ಅಲ್ಲಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಗ್ಗಿದಳು. ಕನ್ನಡಕ ಜಾರಿತು, ಒತ್ತಿಕೊಂಡಳು. ಪಟ್ಟಿಯಂಥ ಗಾಜಿನ ಮೇಲೆ, ಕೆಳ ತುದಿಗೆ ಮೂರು ಬೆರಳು ದೂರದಲ್ಲಿ, ಒಣಗಿ ಕಚ್ಚಿಕೊಂಡ ಒಂದು ಕಲೆ. ಅಂಚು ಬೂದಿಬಿಳುಪು, ನಡುವೆ ಕೆಂಪು. ಉಗುರಿನಿಂದ ಕೆರೆದಳು. ಉಗುರಿನೊಳಗೆ ಸೇರಿದ ಪುಡಿಯನ್ನು ಮೂಗಿನ ಹತ್ತಿರ ತರುವ ಅಗತ್ಯವಿರಲಿಲ್ಲ, ಆದರೂ ತಂದಳು. ತಲೆ ಎತ್ತಿದರೆ ಸರಿಯಾಗಿ ಅದರ ನೆತ್ತಿಯ ಮೇಲೆ, ಮುಚ್ಚಳದ ಒಳ ಅಂಚಿನಲ್ಲಿ, ಅವಳ ಮೂರು ಪಟ್ಟೆ. ಬೊಟ್ಟಿನ ಕುಂಕುಮ ನೀರಿನೊಡನೆ ಸಣ್ಣಗೆ ಇಳಿದು ಬಂದ ಜಾಡು ಕೂಡ ಕಾಣುತ್ತಿತ್ತು. ಸಿಕ್ತೇನ್ರಿ ಮೇಡಂ, ಏನದು ಎಂದು ಫೋನಿನಲ್ಲಿ ಮಾರುತೇಶ ಕೇಳುತ್ತಿದ್ದ. ಅವಳು, ಬರೀ ಧೂಳು ಕಣಪ್ಪ ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ಹೊನ್ನಾಳಿಯಲ್ಲಿ ಅವತ್ತೂ ಕಿವಿ ಹೀಗೇ ಬಿಸಿಯಾಗಿತ್ತು. ಸೈಕ್ಲೋಸ್ಟೈಲಿಗೆ ಟೈಪು ಮಾಡುವ ಮೇಣದ ಸ್ಟೆನ್ಸಿಲ್ ಹಾಳೆಯನ್ನು ಮಡಿಸಬಾರದು. ಮಡಿಸಿದರೆ ಮೇಣ ಬಿರಿದು, ಬಿರಿದ ಕಡೆ ಮಸಿ ಇಳಿದು, ಪ್ರತಿ ಕಾಪಿಯಲ್ಲೂ ಗೆರೆ ಮೂಡುತ್ತದೆ. ಇದನ್ನು ವಿರೂಪಾಕ್ಷಪ್ಪನವರು ಮೊದಲ ದಿನವೇ ಹೇಳಿದ್ದರು. ಅವಳು ಊಟಕ್ಕೆ ಹೋಗುವ ಆತುರದಲ್ಲಿ, ಕಷ್ಟಪಟ್ಟು ಟೈಪು ಮಾಡಿದ ಸ್ಟೆನ್ಸಿಲ್ಲನ್ನು ಎರಡು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದ್ದಳು. ಇನ್ನೂರು ಕಾಪಿ, ಇನ್ನೂರರಲ್ಲೂ ಹಳ್ಳಿಗಳ ಹೆಸರಿನ ಮೇಲೆ ಕಪ್ಪು ಗೆರೆ. ಅಂದಿನ ಸಾಹೇಬರು ಕಟ್ಟನ್ನು ನೆಲಕ್ಕೆ ಬಿಸಾಕಿ, ಯಾರು ಮಡಿಸಿದ್ದು ಎಂದು ಕೂಗಿದರು. ರುದ್ರಾಣಿ ಬಾಯಿ ತೆರೆದಳು, ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ, ತೆರೆದಳು, ಮಾತು ಬರಲಿಲ್ಲ. ಅಷ್ಟರಲ್ಲಿ ವಿರೂಪಾಕ್ಷಪ್ಪನವರು, ನಾನೇ ಸಾರ್, ಮರೆತೆ ಎಂದರು. ಇಪ್ಪತ್ತೆರಡು ವರ್ಷ ಸರ್ವಿಸಿನ ಮನುಷ್ಯ ಸ್ಟೆನ್ಸಿಲ್ ಮಡಿಸಿದ ಎಂದು ಕಚೇರಿಯೆಲ್ಲ ಒಂದು ತಿಂಗಳು ನಕ್ಕಿತು. ಮೆಮೊ ಬಂತು, ಅವರು ಸಹಿ ಹಾಕಿ ಇಸಿದುಕೊಂಡರು. ಸಾಹೇಬರ ಕೋಣೆಯಿಂದ ಹೊರಗೆ ಬಂದು, ಅವಳ ಮುಖ ನೋಡದೆ, ಹೊಸ ಸ್ಟೆನ್ಸಿಲ್ ತೆಗೆಯಮ್ಮ, ಎಷ್ಟು ಕಾಪಿ ಬೇಕಂತೆ ಎಂದಷ್ಟೇ ಕೇಳಿ, ಯಂತ್ರದ ಹಿಡಿ ತಿರುಗಿಸಲು ನಿಂತರು. ಆಮೇಲೆ ಹದಿನಾರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರೂ ಆ ಮಾತು ಇಬ್ಬರ ನಡುವೆ ಬರಲಿಲ್ಲ. ಅವರು ತೀರಿಕೊಂಡ ಮೂರನೇ ದಿನ ಹೊನ್ನಾಳಿಯ ಹೊಳೆದಂಡೆಯ ಅವರ ಮನೆಗೆ ಹೋಗಿದ್ದಳು. ಅವರ ಹೆಂಡತಿ ಪ್ರೇಮಮ್ಮ ಕಾಫಿ ಕೊಟ್ಟು, ನಿನ್ನ ಸುದ್ದಿ ಬಾಳ ಹೇಳ್ತಿದ್ರು ಕಣೆ ಎಂದು ಕಣ್ಣೊರೆಸಿಕೊಂಡರು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎನ್ನುತ್ತಲೇ ಕಾಫಿ ಮುಗಿಯಿತು. ನಾಲ್ಕು ವರ್ಷವಾಯಿತು, ದಿನಾ ಬಸ್ಸಿನಲ್ಲಿ ಆ ಬೀದಿಯ ತಿರುವು ಬಂದಾಗ ಅವಳು ಇನ್ನೊಂದು ಕಡೆಯ ಕಿಟಕಿ ನೋಡುತ್ತಾಳೆ.

ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ ಗಾಜು ಒರೆಸಿದಳು, ಒಣ ತುದಿಯಿಂದ ಮತ್ತೊಮ್ಮೆ ಒರೆಸಿದಳು. ಮುಚ್ಚಳದ ಒಳಗಿನ ಪಟ್ಟೆಗಳನ್ನೂ ತಾನೇ ತೆಗೆದಳು. ಅರ್ಜಿಯನ್ನು ಮೇಲಿನಿಂದ ಕೊಟ್ಟಾಗ ಮುದುಕಿಯ ಮುಖ ಇಡಿಯಾಗಿ ಹೊರಗೆ ಬಂತು, ಸುಕ್ಕು ಸುಕ್ಕಾಗಿ, ಸ್ವಲ್ಪ ಗಾಬರಿಯಾಗಿ, ಫೋಟೋ ತೆಗೆಯುವವನು ಏನೋ ಗದರಿಸಿದ್ದನೇನೋ. ಗಂಟೆ ನಾಲ್ಕಾಗಿತ್ತು. ಈಗ ಎಷ್ಟು ಸುಲಭ. ಯಂತ್ರ ಸರಿಹೋಗಿದೆ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದು. ಆದರೆ ಅರವತ್ತು ಅರ್ಜಿ ವಾಪಸು ಬಂದದ್ದಕ್ಕೆ ಹೆಸರೊಂದು ಬೇಕೇ ಬೇಕು, ಆ ಹೆಸರು ಆಗಲೇ ಸಿದ್ಧವಾಗಿ ಬಾಗಿಲ ಬಳಿ ಕೂತಿದೆ. ಏಳು ತಿಂಗಳು. ಮುಖಕ್ಕೆ ಮಸಿ ಬಳಿದುಕೊಳ್ಳದೆ ಏಳು ತಿಂಗಳು ಕಳೆದು, ಶಾಲು ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ವಿರೂಪಾಕ್ಷಪ್ಪನವರು ಆಗ ಎಷ್ಟು ಹೊತ್ತು ಯೋಚನೆ ಮಾಡಿದ್ದರು? ಅವಳು ಅಂದಾಜು ಮಾಡಿ ನೋಡಿದಳು. ಒಂದು ಉಸಿರು ಎಳೆದುಕೊಳ್ಳುವಷ್ಟೂ ಇರಲಿಲ್ಲ. ತಾನು ಇಲ್ಲಿ ಕರವಸ್ತ್ರ ಹಿಂಡುತ್ತ ಹತ್ತು ನಿಮಿಷದಿಂದ ನಿಂತಿದ್ದೇನೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಾಗಿಲಿಗೆ ಹೋದಳು. ಜನ ಯಾರೂ ಇರಲಿಲ್ಲ. ಸಣ್ಣತಿಮ್ಮಪ್ಪ ಅವಳನ್ನು ಕಂಡು ಸ್ಟೂಲಿನಿಂದ ಎದ್ದ. ಟಿಪ್ಪಣಿ ಬರೆದಾಯಿತು ಎಂದು ಹೇಳಲು ಬಂದಳೆಂದು ತಿಳಿದಿರಬೇಕು, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

“ಗೆರೆ ಹೋತು” ಎಂದಳು ರುದ್ರಾಣಿ. “ಮಷೀನ್ ಕೆಡಿಸಿದ್ದು ನೀವಲ್ಲ, ನಾನು. ಮುಚ್ಚಳದ ಒಳಗೆ ವಿಭೂತಿ ಹಚ್ತಿದ್ದೆ. ಬೊಟ್ಟಿನ ಕುಂಕುಮ ಗಾಜಿನ ಮ್ಯಾಲೆ ಇಳಿದೈತೆ.”

ಎಂದೂ ಇಲ್ಲದ ಬಹುವಚನ ಅವನನ್ನು ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಅವನು ನೆಲ ನೋಡಿದ.

“ಗೊತ್ತೈತ್ರಿ ಮೇಡಮ್ಮೋರೆ” ಎಂದ.

ಗೊತ್ತಿತ್ತೇ? ಹೌದಂತೆ, ಮೊದಲ ದಿನದಿಂದಲೇ. ಅವಳು ಬೆಳಿಗ್ಗೆ ಹಚ್ಚಿ ತನ್ನ ಕುರ್ಚಿಗೆ ಹೋದಮೇಲೆ ಅವನು ಹಿಂದೆಯೇ ಹೋಗಿ ಮುಚ್ಚಳ ಎತ್ತುತ್ತಿದ್ದನಂತೆ. ಮೇಲಿನ ಪಟ್ಟೆಗೆ ಕೈ ಹಚ್ಚುತ್ತಿರಲಿಲ್ಲ. ಗಾಜಿನ ಮೇಲೆ ಇಳಿದದ್ದನ್ನಷ್ಟೇ ಟವೆಲ್ ತುದಿಯಿಂದ ಒರೆಸಿಬಿಡುತ್ತಿದ್ದ. ಅವಳು ಬೆಳಿಗ್ಗೆಯೇ ಟಪಾಲಿಗೆ ಕಳಿಸಿದ ದಿನಗಳಲ್ಲಿ ಒರೆಸಲು ಆಗುತ್ತಿರಲಿಲ್ಲ, ಆ ದಿನ ಗೆರೆ ಬರುತ್ತಿತ್ತು. ಅವನನ್ನು ಯಂತ್ರದಿಂದ ದೂರ ಕೂರಿಸಿದ ಮೇಲೆ ದಿನಾ ಬಂತು. ಲೆಕ್ಕ ಸರಿಯಾಗಿತ್ತು. ತಾನು ಯಾರ ಕೈ ಸರಿ ಇಲ್ಲ ಎಂದಿದ್ದಳೋ, ಅದೇ ಕೈ ತನ್ನ ತಪ್ಪನ್ನು ದಿನಾ ಸದ್ದಿಲ್ಲದೆ ಒರೆಸುತ್ತಿತ್ತು.

“ಒಂದು ಮಾತು ಹೇಳಬಾರದಿತ್ತಾ?”

ಅವನು ಟವೆಲನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

“ಹೆಂಗೆ ಹೇಳಾಕೆ ಆಗ್ತತ್ರಿ. ಅದು ನಿಮ್ಮ ದೇವರದ್ದು. ಮೇಡಂ ಒರೆಸು ಅಂದಾಗ ಒರೆಸಿದ್ನಲ್ಲ, ಅವತ್ತು ನೀವು ನನ್ನ ಕೈಲಿ ನೀರು ಇಸ್ಕಳ್ಳಲಿಲ್ಲ.”

ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ಬಸ್ಸು ತಡವಾಗಿ ಬಂತು ಎನ್ನುವಷ್ಟೇ ಸಹಜವಾಗಿ ಹೇಳಿದ. ಅವಳಿಗೆ ಅವತ್ತಿನ ನೀರು ನೆನಪಿಗೆ ಬಂತು. ಅವನು ಲೋಟ ಚಾಚಿದ್ದ, ಅವಳು ಬೇಡ ಎಂದಿದ್ದಳು. ಸಿಟ್ಟಿಗೆ ಬೇಡ ಎಂದಿದ್ದಳು, ಮೇಡಂ ಮೇಲಿನ ಸಿಟ್ಟಿಗೆ. ಬರೀ ಸಿಟ್ಟಿಗೇ? ಅವಳ ಕಣ್ಣು ಆಗ ಲೋಟದ ಮೇಲಿತ್ತೋ, ವಿಭೂತಿ ಒರೆಸಿದ ಅವನ ಬೆರಳುಗಳ ಮೇಲಿತ್ತೋ? ಎಷ್ಟು ನೆನೆಸಿಕೊಂಡರೂ ಉತ್ತರ ಖಚಿತವಾಗಲಿಲ್ಲ, ಖಚಿತವಾಗದೆ ಇದ್ದದ್ದೇ ಉತ್ತರ ಎನಿಸಿತು. ತಿರುಗಿ ತನ್ನ ಮೇಜಿಗೆ ಬಂದು, ತಟ್ಟೆ ಸರಿಸಿ, ಬೆಳಗಿನ ನೀರನ್ನು ನಿಂತಲ್ಲೇ ಪೂರ್ತಿ ಕುಡಿದಳು. ಆಮೇಲೆ ಕೂತು ಟಿಪ್ಪಣಿ ಬರೆದಳು. ಕಂಪ್ಯೂಟರಿನಲ್ಲಿ ಅಲ್ಲ, ಕೈಯಲ್ಲೇ. ಮುಚ್ಚಳದ ಒಳಗೆ ವಿಭೂತಿ ಕುಂಕುಮ ಹಚ್ಚಿದ್ದು ನಾನು, ನಕಲುಗಳು ಕೆಟ್ಟದ್ದು ಅದರಿಂದ, ಅಟೆಂಡರ್ ತಪ್ಪು ಎಂದು ನಾನು ಹೇಳಿದ್ದು ಸುಳ್ಳು. ಸುಳ್ಳು ಎಂಬ ಪದದ ಬದಲು ಮೊದಲು ‘ಸರಿಯಾದ ಮಾಹಿತಿಯಲ್ಲ’ ಎಂದು ಬರೆದಿದ್ದಳು, ಅದನ್ನು ಹೊಡೆದು ಹಾಕಿದಳು.

ಸಂಧ್ಯಾರಾಣಿ ಮೇಡಂ ಎರಡು ಸಲ ಓದಿದರು. ಓದಿ, ನಿಮಗೆ ಇನ್ನಿರುವುದು ಏಳು ತಿಂಗಳು, ಇದು ಫೈಲಿನಲ್ಲಿ ಕೂತರೆ ನಾನು ಮೆಮೊ ಕೊಡಲೇಬೇಕಾಗುತ್ತದೆ, ಸುಮ್ಮನೆ ಯಂತ್ರದ ದೋಷ ಅಂತ ಬರೆದುಕೊಡಿ ಎಂದರು. ಮೊದಲ ಸಲ ಅವರ ಧ್ವನಿಯಲ್ಲಿ ಮಗಳಂಥ ಒಂದು ಮೆತ್ತನೆ ಇತ್ತು, ಅದಕ್ಕೆ ರುದ್ರಾಣಿಗೆ ಅಳು ಬಂತು. ಕೊಡ್ರಿ ಮೇಡಂ, ಇಸ್ಕಂತೀನಿ ಎಂದಳು. ಮೇಡಂ ಕೆಳಗೆ ಸಹಿ ಹಾಕಿ, ಸಣ್ಣತಿಮ್ಮಪ್ಪ ನಾಳೆಯಿಂದ ಮೊದಲಿನ ಕೆಲಸಕ್ಕೇ ಬರಲಿ, ಈ ಅರವತ್ತೂ ಮತ್ತೆ ತೆಗೆಯಬೇಕಲ್ಲ ಎಂದರು.

ನಾಳೆಯವರೆಗೆ ಯಾಕೆ ಎಂದು ರುದ್ರಾಣಿ ಹೊರಗೆ ಬಂದವಳೇ ಅವನನ್ನು ಕರೆದು ಟಿಪ್ಪಣಿಯ ಹಾಳೆ ಕೈಗಿತ್ತಳು. ಅವನು ಅದನ್ನು ದೂರಕ್ಕೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸುತ್ತ ನಿಧಾನ ಓದಿದ. ತನ್ನ ಹೆಸರು ಹುಡುಕುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಕೊನೆಯ ಸಾಲಿಗೆ ಬಂದು ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದ. ಹೆಸರು ಎಲ್ಲೂ ಇರಲಿಲ್ಲ. ಹಾಳೆ ಹಿಡಿದುಕೊಂಡು ಯಂತ್ರದ ಹತ್ತಿರ ಹೋದ. ಮುಚ್ಚಳ ಎತ್ತಿ, ಒರೆಸಲು ಏನೂ ಇಲ್ಲದಿದ್ದರೂ ಟವೆಲ್ ತುದಿಯಿಂದ ಎಡಗಡೆಯ ಸಣ್ಣ ಗಾಜನ್ನು ಒಮ್ಮೆ ಒರೆಸಿ, ಮುಚ್ಚಿ, ಹಾಳೆಯನ್ನು ಮೇಲಿನ ಬಾಯಿಗೆ ಇಟ್ಟ. ಅವಳ ಮುಖ ನೋಡದೆ ಕೇಳಿದ:

“ಎಷ್ಟು ಕಾಪಿ ಬೇಕ್ರಿ?”

ಸೀಮೆಎಣ್ಣೆಯ, ಮಸಿಯ, ಮುಚ್ಚಿದ ಕಿಟಕಿಯ ಆ ವಾಸನೆ ಒಂದು ಕ್ಷಣ ಬಂದು ಹೋಯಿತು.

“ಎರಡು” ಎಂದಳು.

“ಫೈಲಿಗೆ ಒಂದು ಸಾಕಲ್ರಿ.”

“ಇನ್ನೊಂದು ಹೊನ್ನಾಳಿಗೆ. ಇಳಿದು, ಹೊಳೆದಂಡೆ ಮನೇಲಿ ಒಬ್ಬರಿಗೆ ಓದಿ ಹೇಳಾದೈತೆ. ಬಾಳ ವರ್ಷ ತಡ ಆತು.”

ಅವನು ಗುಂಡಿ ಒತ್ತಿದ. ಎರಡೂ ಹಾಳೆ ಒಂದರ ಹಿಂದೊಂದು ಬಿಸಿಯಾಗಿ ಹೊರಗೆ ಬಂದವು. ಒಂದನ್ನು ಫೈಲಿಗೆ ಹಾಕಿ, ಇನ್ನೊಂದನ್ನು ಮಡಿಸದೆ ಚೀಲದಲ್ಲಿಟ್ಟುಕೊಂಡು ಅವಳು ಐದೂಕಾಲಿನ ಬಸ್ಸಿಗೆ ಹೊರಟಳು.